ನಲವತ್ತೊಂದನೆಯ ಬಾಟಲಿ

೧೯೮೭ರಲ್ಲಿ ಪುಣೆಯ ನಮ್ಮ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಲೆಕ್ಕವಿಡುವ ಸಾಫ್ಟ್‌ವೇರ್ ಆರಿಸುವ ಕೆಲಸವನ್ನು ಅಲ್ಲಿನ ಮುಖ್ಯಸ್ಥರಾದ ಧಾರವಾಡದ ಮಧುಕರ ಸಾಹೇಬರು ನನಗೇ ವಹಿಸಿದರು. ಹೆಮ್ಮೆಗೆ ನನ್ನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಆಯ್ಕೆ ತಪ್ಪಿದರೆ ಮಾನ ಹೋಗುವುದೂ ನನ್ನದೇ.

ಪರೀಕ್ಷೆಗೆ ಬಂದಿದ್ದ ನೀರಿನ ನಲವತ್ತು ಬಾಟಲಿಗಳ ವಿವರವನ್ನು ಎರಡು ಸಾಫ್ಟ್‌ವೇರ್‌ಗಳಿಗೂ ತುಂಬಿದೆ. ಒಂದು ನಲವತ್ತೇ ತೋರಿಸಿತು. ಇನ್ನೊಂದು ನಲವತ್ತೊಂದು ತೋರಿಸಿತು: ‘ಊರು ಭೋರ್, ಬಾವಿ ನೀರು, ತಂದವರು ಗೋದಾ.’ ನಾನದನ್ನು ತುಂಬಿರಲಿಲ್ಲ. ಮಟಮಟ ಮಧ್ಯಾಹ್ನದಲ್ಲೂ ಕಂಪ್ಯೂಟರಿನ ಕೀಲಿಗಳು ತಣ್ಣಗೆ ಕೊರೆಯುತ್ತಿದ್ದವು.

“ಎಣಸಲಿಕ್ಕೇ ಬರದ್ದು ನಮಗ ಯಾಕವಾ? ಮೊದಲನೇದ್ದ ತಗೊಳ್ಳೋಣು,” ಎಂದು ಸಾಹೇಬರು ನಕ್ಕರು.

ಬಾಟಲಿ ಮುಟ್ಟಿ ನೋಡದೆ ಯಾವ ನಮೂದನ್ನೂ ಹೊಡೆದುಹಾಕಬಾರದೆಂಬುದು ನಮ್ಮ ರೂಢಿ. ಕಪಾಟು ತೆರೆದು ಒಂದೊಂದೇ ಮುಟ್ಟಿದೆ. ನಲವತ್ತೊಂದು ಇದ್ದವು. ಕೊನೆಯದು ಬೆವರುತ್ತಿತ್ತು.

“ಎರಡನೇದ್ದನ್ನ ತಗೋರಿ ಸಾಹೇಬ್ರ. ಅದು ಯಾರನ್ನೂ ಬಿಟ್ಟಿಲ್ಲ,” ಎಂದೆ ತಲೆಯೆತ್ತಿ. ಅದನ್ನೇ ಕೊಂಡರು.

ಆ ನೀರನ್ನು ಪರೀಕ್ಷಿಸಿ ವರದಿಗೆ ನಾನೇ ಸಹಿ ಮಾಡಿದೆ. ಸಂಜೆಯೊಳಗೆ ಆ ವರದಿಯನ್ನು ಯಾರೋ ಒಯ್ದಿದ್ದರು. ಒಯ್ದವರು ಸಹಿ ಮಾಡುವ ಪುಸ್ತಕದಲ್ಲಿ ಗೋದಾ ಎಂಬ ಹೆಸರಿನ ಮುಂದೆ ನೀರಿನ ಹೆಬ್ಬೆಟ್ಟಿನ ಗುರುತಿತ್ತು. ವರ್ಷಗಳೇ ಕಳೆದವು, ಅದಿನ್ನೂ ಆರಿಲ್ಲ.