ಆಸ್ಲಾಕನ ಸಡಿಲ ಹಿಡಿ

"ಆ ಹಿಡಿ ಸಡಿಲ ಇರೋದು ಸಡಿಲ ಇರ್ಲಿ ಅಂತಾನೇ," ಎಂದಳು ಗುಡ್ರುನ್ ಅಜ್ಜಿ. "ಬಿಗಿ ಮಾಡಕ್ಕೆ ಹೋಗ್ಬೇಡ. ಒಳಗಿರೋ ಜಿಡ್ಡನ್ನಂತೂ ಮುಟ್ಟಲೇಬೇಡ."

ರಾಯ್ಸ್ ಕಾಫಿ ಲೋಟ ಕೆಳಗಿಟ್ಟು ನಕ್ಕ. "ಅಜ್ಜಿ, ಬಂದೂಕ ರಿಪೇರಿನೇ ನನ್ನ ಹೊಟ್ಟೆಪಾಡು. ಹಿಡಿ ಲೊಡಲೊಡ ಅನ್ನೋ ರಿವಾಲ್ವರ್ ನಮ್ಮನೇಲೇ ಇದ್ರೆ ಊರೋರು ನನ್ನ ಮುಖಕ್ಕೆ ಉಗೀತಾರೆ."

"ಉಗೀಲಿ. ಒರೆಸ್ಕೋ."

ಮೊಮ್ಮಗಳು ಮಾರಿಟ್ ಕಿಸಕ್ಕನೆ ನಕ್ಕಳು. ಅಜ್ಜಿ ನಗಲಿಲ್ಲ.

ನಮ್ಮದು ಅಲಾಸ್ಕಾದ ಒಂದು ದ್ವೀಪ. ಮುತ್ತಜ್ಜಂದಿರು ನಾರ್ವೆಯಿಂದ ಬಲೆ ತಂದರು, ದೋಣಿ ತಂದರು, ಬೈಬಲ್ ತಂದರು. ಬೈಬಲ್ಲಿನ ಅಡಿಯಲ್ಲಿ ಬಚ್ಚಿಟ್ಟುಕೊಂಡು ಇನ್ನೂ ಕೆಲವನ್ನು ತಂದರು. ಅವುಗಳ ಮಾತನ್ನು ನಾವು ಹೊರಗಿನವರ ಮುಂದೆ ಆಡುವುದಿಲ್ಲ. ಆಡಿದ್ದರೆ ಚೆನ್ನಾಗಿತ್ತೇನೋ, ಈಗ ಹೇಳಿ ಏನು ಬಂತು. ರಾಯ್ಸ್ ಟೆಕ್ಸಸ್ಸಿನವನು, ಮಾರಿಟ್‌ಳನ್ನು ಮದುವೆಯಾಗಿ ಆ ವರ್ಷವಷ್ಟೇ ಇಲ್ಲಿಗೆ ಬಂದಿದ್ದ. ಒಳ್ಳೆಯ ಹುಡುಗ, ಅದರಲ್ಲಿ ಎರಡು ಮಾತಿಲ್ಲ. ಹೆಂಡತಿಯೆಂದರೆ ಪ್ರಾಣ ಬಿಡುತ್ತಿದ್ದ. ಆದರೆ ತನಗೆ ತಿಳಿಯದ್ದು ಬಂದೂಕದೊಳಗೆ ಏನೂ ಇರಲಾರದು ಎಂಬ ಜಂಬ ಮಾತ್ರ ಮೈತುಂಬ ಇತ್ತು.

ಆಗಸ್ಟ್ ಬಂತೆಂದರೆ ತೊರೆಯ ತುಂಬ ಮೀನು, ಮೀನಿನ ಹಿಂದೆಯೇ ಕರಡಿ. ಬಲೆ ನೋಡಿಕೊಂಡು ಬರಲು ಮಾರಿಟ್ ದಿನವೂ ಆ ತೊರೆ ದಾಟಬೇಕು. ಮನೆಯಲ್ಲಿದ್ದದ್ದು ಅಜ್ಜ ಆಸ್ಲಾಕನ ರಿವಾಲ್ವರ್ ಒಂದೇ. ಹೊಡೆದರೆ ಹೆಗಲವರೆಗೂ ಒದೆಯುವ ಭಾರಿ ಸಾಮಾನು. ರಾಯ್ಸ್ ಅದನ್ನು ಊರಾಚೆಯ ಜಲ್ಲಿಗುಂಡಿಗೆ ಒಯ್ದು ಹೊಡೆದು ನೋಡಿದಾಗ ಒಂದು ಗುಂಡು ಇಲ್ಲಿ, ಇನ್ನೊಂದು ಅಲ್ಲಿ. ಅಲ್ಲಿದ್ದ ಮೀನುಗಾರರಿಗೆ ಅಷ್ಟೇ ಸಾಕಾಯಿತು.

"ಕರಡಿ ನಕ್ಕೂ ನಕ್ಕೂ ಸಾಯ್ಬೇಕು ಅಷ್ಟೇ ಕಣಪ್ಪ," ಎಂದ ಒಬ್ಬ.

ಆ ಮಾತು ರಾಯ್ಸನಿಗೆ ನಾಟಿತು. ಮನೆಗೆ ಬಂದವನೇ ತಿರುಪು ಬಿಚ್ಚಿ, ಹಿಡಿಯ ಎರಡೂ ಮರದ ಹೋಳುಗಳನ್ನು ಎತ್ತಿಟ್ಟ. ದೋಷ ಸುಲಭವಾಗಿಯೇ ಕಂಡಿತು. ಲೋಹದ ಚೌಕಟ್ಟಿನ ತಳದಲ್ಲಿ ಒಂದು ಮೊಳೆ. ಅದು ಕೂರುವ ಮರದ ತೂತು ಸವೆದು ಅಗಲವಾಗಿತ್ತು. ಪ್ರತಿ ಒದೆತಕ್ಕೂ ಹಿಡಿ ಕೂದಲೆಳೆಯಷ್ಟು ಸರಿಯುತ್ತದೆ, ಗುಂಡು ಮೊಳದಷ್ಟು ತಪ್ಪುತ್ತದೆ. ಮರದ ಒಳಮೈಗೆ ಹಳದಿ ಕೊಬ್ಬು ಮೆತ್ತಿತ್ತು. ಕಮಟು ವಾಸನೆ. ಅದರೊಳಗೆ ಒಂದು ಬಿಳಿಗೂದಲು.

"ಥೂ," ಎಂದು ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಒಂಚೂರೂ ಬಿಡದೆ ಉಜ್ಜಿ ತೆಗೆದ.

ಆಮೇಲಿನದು ಅವನ ಕಸುಬು. ಅಂಟು ಲೋಹಕ್ಕೆ ಹತ್ತದಿರಲೆಂದು ಚೌಕಟ್ಟಿಗೆ ಮೇಣ ಸವರಿದ. ಈ ಮೇಣ ಮರೆತರೆ ಹಿಡಿ ಜನ್ಮದಲ್ಲಿ ಕಳಚುವುದಿಲ್ಲ, ಕಸುಬಿನವರಿಗೆಲ್ಲ ಗೊತ್ತಿರುವ ಮಾತು. ಮರದೊಳಗೆ ಎಪಾಕ್ಸಿ ಅಂಟನ್ನು ತೆಳ್ಳಗೆ ಹಚ್ಚಿ, ಸವೆದ ತೂತು ತುಂಬಿ, ಜೋಡಿಸಿ, ಒಣಗಲು ಬಿಟ್ಟ. ಒಣಗಿದ ಮೇಲೆ ಹಿಡಿದು ಅಲ್ಲಾಡಿಸಿದ. ಮರ, ಲೋಹ, ಎಲ್ಲ ಒಂದೇ ಎಲುಬಿನಂತೆ ಕೂತಿತ್ತು. ಅಂಗೈಯಲ್ಲಿ ಅದು ಬೆಚ್ಚಗಿತ್ತು. ಒಲೆಯ ಹತ್ತಿರ ಇಟ್ಟಿದ್ದಕ್ಕೆ ಎಂದುಕೊಂಡ.

ಮರುದಿನ ಜಲ್ಲಿಗುಂಡಿಯಲ್ಲಿ ಹೊಡೆದ ಗುಂಡುಗಳೆಲ್ಲ ಒಂದೇ ತೂತಿನಲ್ಲಿ ತೂರಿಹೋದವು. ನಕ್ಕಿದ್ದ ಮೀನುಗಾರರು ತೆಪ್ಪಗಾದರು. ಅವರಲ್ಲೊಬ್ಬ ಮುದುಕ ಮಾತ್ರ ಟೋಪಿ ತೆಗೆದು, ಮುಖ ತಿರುಗಿಸಿಕೊಂಡು ಹೊರಟುಹೋದ. ರಾಯ್ಸ್ ಎಡಗೈಯಿಂದ ಮತ್ತೆ ಗುಂಡು ತುಂಬಿಕೊಂಡ. ನಮ್ಮಲ್ಲಿ ಯಾರೂ ಖಾಲಿ ಬಂದೂಕ ಹಿಡಿದು ತೊರೆ ದಾಟುವುದಿಲ್ಲ. ಅದನ್ನು ಸೊಂಟದ ಚೀಲಕ್ಕೆ ಇಳಿಬಿಡಲು ಹೋದ.

ಕೈ ಬಿಡಲಿಲ್ಲ.

ಒದೆತಕ್ಕೆ ನರ ಹಿಡಿದುಕೊಂಡಿದೆ ಎಂದು ತನಗೆ ತಾನೇ ನಕ್ಕ. ಬೆರಳನ್ನು ಎಡಗೈಯಿಂದ ಎತ್ತಿ ನೋಡಿದ. ಬರಲಿಲ್ಲ. ಬಿಸಿನೀರಿಗೆ ಹಿಡಿದರೆ ಸರಿಹೋದೀತು ಎಂದುಕೊಂಡು ಮನೆಯತ್ತ ನಡೆದ. ದಾರಿಯುದ್ದಕ್ಕೂ ಅಂಗೈಯೊಳಗೆ ಒಂದು ನಾಡಿ ಬಡಿಯುತ್ತಿತ್ತು. ಅದು ಅವನ ನಾಡಿಯಲ್ಲ. ಎಣಿಸುತ್ತ ಬಂದ, ತಾಳ ಬೇರೆಯೇ ಇತ್ತು.

ಹಿತ್ತಲಲ್ಲಿ ಮಾರಿಟ್ ಮೀನಿಗೆ ಹೊಗೆ ಹಾಕುವ ಹೊಗೆಮನೆಯಿಂದ ತಟ್ಟೆ ಹಿಡಿದು ಹೊರಗೆ ಬರುತ್ತಿದ್ದಳು. ಅವಳನ್ನು ಕಂಡದ್ದೇ ತಡ, ಅವನ ತೋಳು ಎದ್ದಿತು. ಅವನು ಎತ್ತಲಿಲ್ಲ. ತಾನಾಗಿ ಎದ್ದಿತು. ನಳಿಗೆ ಅವಳ ಎದೆಯ ಮಟ್ಟಕ್ಕೆ ಬಂದು ನಿಂತಿತು. ಹೆಬ್ಬೆರಳು ಗುಂಡಿಗೆ ಬಡಿಯುವ ಹಿಂಬದಿಯ ಕುದುರೆಯನ್ನು ಕಟಕ್ಕನೆ ಹಿಂದಕ್ಕೆಳೆಯಿತು.

"ತಮಾಷೆ ಸಾಕು ರಾಯ್ಸ್," ಎಂದಳು ಮಾರಿಟ್.

ಅವನು ಎಡಗೈ ಹೆಬ್ಬೆರಳನ್ನು ಕುದುರೆಯ ಸಂದಿಗೆ ತುರುಕಿದ. ಬಲಗೈ ಬೆರಳು ಟ್ರಿಗರ್ ಎಳೆಯಿತು. ಕುದುರೆ ಬಿದ್ದು ಉಗುರು ಸೀಳಿತು, ಗುಂಡು ಹಾರಲಿಲ್ಲ. ಅವಳನ್ನು ಭುಜದಿಂದ ತಳ್ಳಿ ಹೊಗೆಮನೆಯೊಳಕ್ಕೆ ನುಗ್ಗಿದ.

"ಅಗಳಿ ಹಾಕು. ಹೊರಗಿಂದ ಹಾಕು. ನಾನು ಎಷ್ಟು ಬೇಡ್ಕೊಂಡ್ರೂ ತೆಗೀಬೇಡ."

ಕರಡಿ ನುಗ್ಗದಿರಲೆಂದು ನಮ್ಮ ಹೊಗೆಮನೆಗಳ ಅಗಳಿ ಹೊರಗಡೆ, ದಪ್ಪ ಮರದ್ದು. ಅದು ಧಡ್ಡೆಂದು ಬಿತ್ತು.

ಒಳಗೆ ಕಿಟಕಿಯಿಲ್ಲ. ಹೊಗೆ, ಉಪ್ಪು, ಮೀನೆಣ್ಣೆಯ ವಾಸನೆ ಗಂಟಲಿಗೆ ಇಳಿಯಿತು. ಕೆಳಗೆ ಆಲ್ಡರ್ ಸೌದೆಯ ಕೆಂಡ ಬೂದಿಯೊಳಗೆ ಮಿಣುಗುಟ್ಟುತ್ತಿತ್ತು. ಮೇಲೆ ಸಾಲಾಗಿ ತೂಗುಹಾಕಿದ ಮೀನುಗಳು ಅವನ ಕೆನ್ನೆಗೆ ತಣ್ಣಗೆ ತಗಲಿದವು. ಆ ಕತ್ತಲಲ್ಲಿ ತೋಳು ಮೆಲ್ಲಗೆ ತಿರುಗತೊಡಗಿತು. ಮಾರಿಟ್ ಎಡಕ್ಕೆ ಹೋದರೆ ಎಡಕ್ಕೆ. ಬಲಕ್ಕೆ ಬಂದರೆ ಬಲಕ್ಕೆ. ಹಲಗೆಯ ಗೋಡೆ ಅದಕ್ಕೆ ಲೆಕ್ಕಕ್ಕೇ ಇರಲಿಲ್ಲ.

"ದೂರ ಹೋಗು ಮಾರಿಟ್."

"ನಿನ್ನನ್ನ ಬಿಟ್ಟು ಎಲ್ಲಿಗೆ ಹೋಗ್ಲೋ?"

ಗುಂಡು ತೆಗೆಯೋಣವೆಂದರೆ ಎಡಗೈಗೆ ಬಿಡುವಿಲ್ಲ; ಸಂದಿಯಿಂದ ಹೆಬ್ಬೆರಳು ತೆಗೆದರೆ ಕುದುರೆ ಬೀಳುತ್ತದೆ. ಹಿಡಿಯ ತಿರುಪನ್ನು ಹಲ್ಲಿನಿಂದ ತಡಕಿದ. ತಿರುಪಿನ ಸೀಳೇ ಇರಲಿಲ್ಲ, ಅಂಟು ಮುಚ್ಚಿಕೊಂಡು ನುಣ್ಣಗಾಗಿತ್ತು. ಅಂಟೋ ಚರ್ಮವೋ, ನಾಲಿಗೆಗೆ ತಿಳಿಯಲಿಲ್ಲ.

ಹೊರಗೆ ಕೋಲೂರುವ ಸದ್ದಾಯಿತು.

"ಜಿಡ್ಡು ತೆಗೆದ್ಯಾ?" ಅಜ್ಜಿಯ ದನಿ.

"ತೆಗೆದೆ ಅಜ್ಜಿ. ತಪ್ಪಾಯ್ತು."

"ನನ್ನ ಗಂಡ ಗುರಿ ತಪ್ಪಬಾರ್ದು ಅಂತ ಇದಕ್ಕೆ ಮಂತ್ರ ಹಾಕ್ದ. ದೇವರ ಪ್ರಾರ್ಥನೇನ ಹಿಂದುಮುಂದಾಗಿ ಹೇಳಿ, ರಕ್ತ ಬಿಟ್ಟು ಹಾಕ್ದ. ಗುರಿ ತಪ್ಪಲಿಲ್ಲಪ್ಪ. ಆದ್ರೆ ಗುರಿ ಇಡೋದು ನಾವಲ್ಲ, ಅದು. ಹಿಡಿದೋನಿಗೆ ಯಾರ ಮೇಲೆ ಜೀವವೋ ಅವರನ್ನೇ ಹುಡುಕುತ್ತೆ. ನನ್ನ ಗಂಡನ ತಮ್ಮನ್ನ ಹುಡುಕಿ ಕೊಂದ್ಬಿಡ್ತು." ಅಜ್ಜಿ ಉಸಿರೆಳೆದುಕೊಂಡಳು. "ಹಿಡಿನ ಬಿಗಿ ಮಾಡಿದೋನನ್ನ ಹಿಡಿ ಬಿಗಿ ಮಾಡುತ್ತೆ. ಬಿಡಿಸೋದು ಆ ಜಿಡ್ಡು ಒಂದೇ."

"ಮತ್ತೆ ತಂದು ಹಾಕಿ ಅಜ್ಜಿ. ಕೊಬ್ಬು ಎಲ್ಲಿ ಸಿಗುತ್ತೆ ಹೇಳಿ, ಮಾರಿಟ್ ತರ್ತಾಳೆ."

ಅಜ್ಜಿ ಗೋಡೆಯ ಹತ್ತಿರಕ್ಕೆ ಬಂದಳು.

"ಆ ಕೊಬ್ಬು ಹೊರಗೆಲ್ಲೂ ಸಿಗೋದಲ್ಲ. ಆಸ್ಲಾಕನ ಫೋಟೊ ನೋಡಿದೀಯಲ್ಲ, ಮಗಾ. ಬಲಗೈ ಯಾವಾಗ್ಲೂ ಜೇಬಲ್ಲೇ ಇರುತ್ತೆ."

ರಾಯ್ಸ್ ಕೆಂಡದತ್ತ ನೋಡಿದ. ಎಪಾಕ್ಸಿ ಕಾಸಿದರೆ ಬಿಡುತ್ತದೆ. ಕಸುಬಿನವರಿಗೆಲ್ಲ ಗೊತ್ತಿರುವ ಮಾತು.

"ಅಜ್ಜಿ, ಮಾರಿಟ್‌ನ ನೆಲದ ಮೇಲೆ ಮಲಗ್ಸಿ. ನೀವೂ ಮಲಗಿ."

ಮಂಡಿಯೂರಿದ. ತೋಳು ಬಗ್ಗಲಿಲ್ಲ. ಮೈಯ ಭಾರವನ್ನೆಲ್ಲ ಅದರ ಮೇಲೆ ಹಾಕಿದ. ತೋಳು ಇಳಿಯಿತು. ಗೇಣು. ಇನ್ನೊಂದು ಗೇಣು. ಬೂದಿ ಬೆರಳಿಗೆ ತಾಗಿತು. ಕೆಂಡ ತಾಗಿತು. ಅವನು ಕೂಗಿದ. ಹಿಡಿಯೊಳಗಿನ ನಾಡಿ ಓಡತೊಡಗಿತು. ಸುಟ್ಟ ವಾಸನೆ ಬಂತು, ಮೀನಿನದಲ್ಲ. ಕೈ ಕಿತ್ತುಕೊಳ್ಳಲು ನೋಡಿತು, ಅವನು ಬಿಡಲಿಲ್ಲ. ಈಗ ಹಿಡಿದವನು ಅವನು. ಅವನದೇ ಕೈಯ ಜಿಡ್ಡು ಕರಗಿ ಕೆಂಡದ ಮೇಲೆ ಚುರ್ರೆಂದಿತು. ಮರ ಒಂಚೂರು ಅಲುಗಿತು. ಲೊಡ ಎಂದಿತು. ಕುದುರೆಯ ಸಂದಿಯಿಂದ ಎಡಗೈ ಹೆಬ್ಬೆರಳು ಜಾರಿತು.

ಗುಂಡು ಹಾರಿತು.

ಹಲಗೆ ಸೀಳಿ ಒಂದು ಬೆಳಕಿನ ಗೆರೆ ಒಳಗೆ ಬಂತು. ಹೊರಗೆ ಸದ್ದಿಲ್ಲ.

"ಮಾರಿಟ್."

ಸದ್ದಿಲ್ಲ.

"ಮಾರಿಟ್, ಮಾತಾಡು."

"ಇದೀನಿ ಕಣೋ," ಎಂದಳು ಅವಳು ನೆಲದಿಂದ, ಅಳುತ್ತ. "ಅಜ್ಜಿ ಮೈಮೇಲೆ ಬಿದ್ದಿದಾರೆ, ಏಳಕ್ಕಾಗ್ತಿಲ್ಲ."

ಆಗ ರಿವಾಲ್ವರ್ ಅವನ ಕೈಯಿಂದ ಕಳಚಿ ಬೂದಿಯಲ್ಲಿ ಬಿತ್ತು.

ಆಸ್ಪತ್ರೆಯಲ್ಲಿ ಮೂರು ಬೆರಳು ತೆಗೆದರು. ಹೆಬ್ಬೆರಳು, ತೋರುಬೆರಳು ಉಳಿದವು. ಕೆಂಡದ ಬುಡದಲ್ಲಿ ಹೆಪ್ಪುಗಟ್ಟಿದ್ದ ಜಿಡ್ಡನ್ನು ಅಜ್ಜಿ ಚಮಚದಿಂದ ಕೆರೆದು ತೆಗೆದು, ಹಿಡಿಯೊಳಗೆ ಮೆತ್ತಿ, ತಿರುಪನ್ನು ಅರ್ಧ ಸುತ್ತು ಸಡಿಲ ಬಿಟ್ಟು, ರಿವಾಲ್ವರನ್ನು ಇದ್ದ ಜಾಗದಲ್ಲೇ ತೂಗುಹಾಕಿದಳು. ಎಲ್ಲ ಮುಗಿಯಿತು ಎಂದು ನಾವೂ ಅಂದುಕೊಂಡೆವು.

ರಾಯ್ಸನಿಗೆ ಮಾತ್ರ ಗೊತ್ತಿತ್ತು. ಮಾರಿಟ್ ಅಡುಗೆಮನೆಗೆ ಹೋದರೆ ಬ್ಯಾಂಡೇಜಿನೊಳಗೆ ತೋರುಬೆರಳು ಆ ಕಡೆಗೆ ತಿರುಗುತ್ತಿತ್ತು. ಅವಳು ಹಿತ್ತಲಿಗೆ ಹೋದರೆ ಹಿತ್ತಲಿಗೆ. ಕಣ್ಣು ಮುಚ್ಚಿಕೊಂಡೇ ಅವಳೆಲ್ಲಿದ್ದಾಳೆಂದು ಹೇಳಬಲ್ಲವನಾದ. ಅಜ್ಜಿಯ ಹತ್ತಿರ ಒಮ್ಮೆ ತೋರಿಸಿದ. ಅಜ್ಜಿ ನೋಡಿ, ಎದ್ದು ಒಳಗೆ ಹೋದಳು. ಆಸ್ಲಾಕ್ ತನ್ನ ಕೊನೆಗಾಲವನ್ನು ಯಾಕೆ ಹೆಂಡತಿಯಿಂದ ದೂರ, ದೋಣಿಯಲ್ಲೇ ಕಳೆದ ಎಂಬುದು ಅವನಿಗೆ ಆಗ ಅರ್ಥವಾಯಿತು.

ಹಾಗಾಗಿ ಒಂದು ಬೆಳಿಗ್ಗೆ ಹೇಳದೆ ಕೇಳದೆ ದಕ್ಷಿಣಕ್ಕೆ ಹೋಗುವ ಹಡಗು ಹತ್ತಿದ. ಹಿಂದುಗಡೆಯ ಬೆಂಚಿನಲ್ಲಿ ಕೂತು ನಮ್ಮ ದ್ವೀಪ ಮಂಜಿನಲ್ಲಿ ಕರಗುವುದನ್ನು ನೋಡಿದ. ದುಃಖ ಒತ್ತರಿಸಿ ಬಂತು. ಆದರೂ ಅವಳು ಉಳಿದಳಲ್ಲ ಎಂದು ಉಸಿರು ಬಿಟ್ಟ. ಜೇಬಿನಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡ.

ಬೆರಳು ದ್ವೀಪದ ಕಡೆಗಿರಲಿಲ್ಲ. ಮೆಟ್ಟಿಲ ಕಡೆಗಿತ್ತು.

ಮಾರಿಟ್ ಮೇಲೆ ಬಂದಳು. ಹೆಗಲಿಗೊಂದು ಚೀಲ, ಕಣ್ಣು ಕೆಂಪಗೆ. "ಒಬ್ನೇ ಹೋಗ್ತೀಯಾ? ಸುಮ್ನೆ ಬಿಟ್ಬಿಡ್ತೀನಿ ಅಂದ್ಕೊಂಡ್ಯಾ?"

ಪಕ್ಕದಲ್ಲಿ ಕೂತು, ಆ ಸುಟ್ಟ ಕೈಯನ್ನು ತನ್ನ ಎರಡೂ ಅಂಗೈಗಳ ನಡುವೆ ತೆಗೆದುಕೊಂಡಳು. ಅವಳ ಅಂಗೈಗೆ ಒತ್ತಿಕೊಂಡು ತೋರುಬೆರಳು ಮೆಲ್ಲಗೆ ಮಡಚಿಕೊಂಡಿತು, ಟ್ರಿಗರ್ ಎಳೆದ ಹಾಗೆ. ಬಿಚ್ಚಿತು. ಮತ್ತೆ ಮಡಚಿಕೊಂಡಿತು.

ಮಾರಿಟ್‌ಳ ಮುಖ ಅರಳಿತು. "ಡಾಕ್ಟರು ಜೀವ ಇಲ್ಲ ಅಂದಿದ್ರು. ನೋಡೋ, ನನ್ನ ಕೈ ಹಿಡ್ಕೋತಾ ಇದೆ."

ರಾಯ್ಸ್ ನಕ್ಕಂತೆ ಮಾಡಿ, ಕೈ ಬಿಡಿಸಿಕೊಳ್ಳಲು ನೋಡಿದ. ಅದು ಬಿಡಲಿಲ್ಲ.