ಹುಳದ ಮನೆಗೆ ಬಂದ ಸ್ಪೀಕರ್

"ಐನೂರು ವ್ಯಾಟ್‌ದು ಬೇಕು," ಅಂದಳು ನವ್ಯಶ್ರೀ.

ಮೇಜಿನ ಹಿಂದೆ ತಂತಿ ಬೆಸೆಯುತ್ತಿದ್ದವನು ತಲೆ ಎತ್ತಲಿಲ್ಲ. "ಮನೆಗೆ ಕೇಳಿಸ್ಬೇಕಾ, ಊರಿಗಾ?"

"ಮನೆಗೇ. ನಮ್ಮಪ್ಪ ಐನೂರು ಅಂತ ಹೇಳಿ ಕಳಿಸಿದ್ದಾರೆ. ಬಿಡದಿಯಲ್ಲಿ ನಮ್ಮ ಚಿಕ್ಕಪ್ಪನ ಮನೇಲಿ ಅಷ್ಟರದೇ ಇರೋದು."

"ಓ, ಚಿಕ್ಕಪ್ಪನಿಗೆ ಕೇಳಿಸ್ಬೇಕು ಅನ್ನಿ."

ಅವಳಿಗೆ ಮೈಯೆಲ್ಲ ಉರಿಯಿತು. ಗುಡೇಮಾರನಹಳ್ಳಿಯಿಂದ ಮಾಗಡಿ, ಮಾಗಡಿಯಿಂದ ರಾಮನಗರ, ಅಲ್ಲಿಂದ ಚನ್ನಪಟ್ಟಣ ಅಂತ ಬಸ್ಸು ಬದಲಾಯಿಸಿ ಬದಲಾಯಿಸಿ ಬಂದವಳಿಗೆ ಗಿರಾಕಿ ಅನ್ನುವ ಮರ್ಯಾದೆಯಾದರೂ ಬೇಡವೇ? ಗೆಳತಿ ಶ್ವೇತಳ ಮನೆಯಲ್ಲಿ ಈ ಮನುಷ್ಯ ಮಾಡಿದ ಸ್ಪೀಕರ್ ಕೇಳಿ ಮರುಳಾಗಿದ್ದೇ ತಪ್ಪು. ತಿರುಗಿ ಹೊರಟೇಬಿಡೋಣ ಅಂದುಕೊಂಡಳು. ಅಷ್ಟರಲ್ಲಿ ಅವನು ತಲೆ ಎತ್ತಿದ. ಹೊರಡುವುದು ಒಂದು ಗಂಟೆ ತಡವಾಯಿತು.

ಅವನ ಹೆಸರು ಮನೋಹರ್. ಕಣ್ಣಿನಲ್ಲಿ ತುಂಟತನ, ತೋಳಿನ ಮೇಲೆ ಮರದ ಪುಡಿ. ಒಂದೇ ಪುಟ್ಟ ಆಂಪ್ಲಿಫೈಯರಿಗೆ ಎರಡು ಬೇರೆ ಬೇರೆ ಸ್ಪೀಕರ್ ಜೋಡಿಸಿ, ಒಂದಾದ ಮೇಲೊಂದು ಹಾಕಿ ತೋರಿಸಿದ. ವಾಲ್ಯೂಮ್ ಗುಂಡಿ ಮುಟ್ಟಲಿಲ್ಲ. ಮೊದಲನೆಯದು ಪಿಸುಗುಟ್ಟಿತು, ಎರಡನೆಯದು ಅಂಗಡಿಯನ್ನೇ ತುಂಬಿತು.

"ವ್ಯಾಟ್ ಅನ್ನೋದು ಹಿಂದಿನಿಂದ ತಳ್ಳೋ ಶಕ್ತಿ ಅಷ್ಟೇ ಕಣ್ರೀ. ತಳ್ಳಿದ್ದರಲ್ಲಿ ಸದ್ದಾಗೋದು ಎಷ್ಟು, ಬರೀ ಬಿಸಿಯಾಗಿ ಹಾಳಾಗೋದು ಎಷ್ಟು ಅನ್ನೋದು ಸ್ಪೀಕರ್ ಕೈಲಿರುತ್ತೆ. ಒಂದು ವ್ಯಾಟ್ ಕೊಟ್ಟು, ಒಂದು ಮೀಟರ್ ದೂರದಲ್ಲಿ ಅಳೀತಾರೆ. ಇದು ಎಂಬತ್ತೈದು ಡೆಸಿಬಲ್, ಅದು ತೊಂಬತ್ತೈದು. ಇದಕ್ಕೆ ಐವತ್ತು ವ್ಯಾಟ್ ಸುರಿದ್ರೆ ಎಷ್ಟು ಸದ್ದೋ, ಅದಕ್ಕೆ ಐದು ಕೊಟ್ರೆ ಅಷ್ಟೇ ಸದ್ದು. ಸಂಜೆ ನಿಮ್ಮೂರಲ್ಲಿ ವೋಲ್ಟೇಜ್ ಹೇಗಿರುತ್ತೆ?"

"ಬಲ್ಬು ಕೆಂಪಗೆ ಉರಿಯುತ್ತೆ."

"ಆ ಕರೆಂಟಿಗೆ ನಿಮ್ಮಪ್ಪನ ಐನೂರು ವ್ಯಾಟ್ ಎದ್ದು ಕೂರೋದೂ ಇಲ್ಲ. ಒಳ್ಳೆ ಸ್ಪೀಕರ್ ಇಟ್ಕೊಳ್ಳಿ, ಬ್ಯಾಟರಿ ಮೇಲೆ ಓಡುತ್ತೆ."

"ಸ್ಪೀಕರ್ ಬಗ್ಗೆ ಇಷ್ಟು ಮಾತಾಡ್ತೀರಲ್ಲ, ನಿಮ್ಮ ಬಗ್ಗೆ ಮಾತು ಬರೋಕೆ ಎಷ್ಟು ತಳ್ಳಬೇಕು?" ಅಂದುಬಿಟ್ಟಳು. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ಅವನು ನಕ್ಕ. ಕಿವಿ ಮಾತ್ರ ಕೆಂಪಾಯಿತು.

ಆಮೇಲೆ ಅವಳಿಗೆ ಚನ್ನಪಟ್ಟಣದಲ್ಲಿ ವಿಪರೀತ ಕೆಲಸ. ಸ್ಪೀಕರಿನ ಮುಂದಿನ ಬಟ್ಟೆಯ ಬಣ್ಣ ಆರಿಸಬೇಕು, ಬೇಡ ಅಂತ ಹೇಳಬೇಕು, ಮತ್ತೆ ಮೊದಲಿನದೇ ಇರಲಿ ಅನ್ನಬೇಕು. ಪಕ್ಕದ ಅಂಗಡಿಯ ಇದ್ರೀಸ್ ಪೆಟ್ಟಿಗೆಗಳ ಮರಗೆಲಸ ಮಾಡುತ್ತಿದ್ದ. ಅವಳು ಬಂದಾಗೆಲ್ಲ ಒಂದು ಸ್ಟೂಲು ತಂದಿಟ್ಟು, ಏನೂ ಗೊತ್ತಿಲ್ಲದವನ ಹಾಗೆ ಹೋಗುತ್ತಿದ್ದ. ಆ ಅಂಗಡಿಗೆ ಒಂದು ವಾಸನೆಯಿತ್ತು. ಕೊಯ್ದ ಮರ, ಅರಗು, ಜೊತೆಗೆ ಘಾಟಾದ ಇನ್ನೇನೋ ಎಣ್ಣೆ. ಬಸ್ಸಿನಲ್ಲಿ ವಾಪಸ್ ಹೋಗುವಾಗ ದುಪಟ್ಟಾದಲ್ಲಿ ಅದು ಇನ್ನೂ ಇರುತ್ತಿತ್ತು. ಅವಳು ಕಿಟಕಿಯ ಕಡೆ ತಿರುಗಿ ಅದರ ತುದಿಯನ್ನು ಮೂಗಿಗೆ ಹಿಡಿದುಕೊಂಡು ಕೂರುತ್ತಿದ್ದಳು.

ಮನೆ ತಲುಪಿದ ಕೂಡಲೇ ಸ್ನಾನ ಮಾಡಿ ಬಟ್ಟೆ ಬದಲಾಯಿಸದೆ ಹುಳದ ಮನೆಗೆ ಕಾಲಿಡುತ್ತಿರಲಿಲ್ಲ. ರೇಷ್ಮೆಹುಳ ಸಾಕುವ ಮನೆಯಲ್ಲಿ ವಾಸನೆಯೇ ಶತ್ರು. ಮಲ್ಲಿಗೆ ಮುಡಿದವರು ಒಳಗೆ ಬರುವಂತಿಲ್ಲ, ಪೌಡರ್ ಹಾಕಿದವರು ಬರುವಂತಿಲ್ಲ. ಅಪ್ಪ ಚೆಲುವಯ್ಯನಿಗೆ ಬೀಡಿ ಸೇದಬೇಕು ಅನಿಸಿದರೆ ಹಿತ್ತಲು ದಾಟಿ ದನದ ಕೊಟ್ಟಿಗೆಗೆ ಹೋಗಬೇಕು. ಈ ಕಾನೂನು ಅಮ್ಮ ಬೋರಮ್ಮನದು, ಕಾವಲು ನವ್ಯಳದು. ಹಣೆಗೆ ಮುಲಾಮು ಹಚ್ಚಿಕೊಂಡು ಬಂದ ಅಮ್ಮನನ್ನೇ ಒಮ್ಮೆ ಬಾಗಿಲಿನಿಂದ ವಾಪಸ್ ಕಳಿಸಿದ್ದಳು.

"ಅವ್ನು ಸ್ಪೀಕರ್ ಮಾಡ್ತಾವ್ನಾ, ಅರಮನೆ ಕಟ್ತಾವ್ನಾ?" ಅಂತ ಬೋರಮ್ಮ ಕೇಳುವ ಹೊತ್ತಿಗೆ ಸ್ಪೀಕರ್ ಸಿದ್ಧವಾಗಿತ್ತು. "ಈಗ್ ತರೋದು ಬ್ಯಾಡ ಕಣವ್ವ. ಹುಳ ನಾಲ್ಕನೇ ಜ್ವರ ಎದ್ದೈತೆ. ಗೂಡು ಬಿಡ್ಸಿದ್ ಮೇಲೆ ತರ‍್ಲಿ."

ನಾಲ್ಕನೇ ಸಲ ಪೊರೆ ಬಿಟ್ಟ ಹುಳ ಗೂಡು ಕಟ್ಟುವ ತನಕ, ಏಳೆಂಟು ದಿನ, ಹಗಲೂ ರಾತ್ರಿ ಹಿಪ್ಪುನೇರಳೆ ಸೊಪ್ಪು ತಿನ್ನುತ್ತದೆ. ಅಷ್ಟು ದಿನ ನವ್ಯ ಊರು ಬಿಟ್ಟು ಹೋಗುವಂತಿಲ್ಲ. ಅವನನ್ನು ನೋಡದೆ ಅಷ್ಟು ದಿನ ಇರಲು ಅವಳಿಂದ ಆಗಲಿಲ್ಲ. ಫೋನ್ ಮಾಡಿ, "ನಾಳೇನೇ ತನ್ನಿ, ಅಮ್ಮ ಒಪ್ಪಿದ್ದಾರೆ," ಅಂದಳು. ಅಮ್ಮನಿಗೆ, "ಅವರೇ ಹೊರಟುಬಿಟ್ಟಿದ್ದಾರಂತೆ, ಏನ್ ಮಾಡೋದು?" ಅಂದಳು.

ಅವನು ಗೂಡ್ಸ್ ಆಟೋದಲ್ಲಿ ತಂದು ನಡುಮನೆಯಲ್ಲಿ ಇಟ್ಟ. ಸಂಜೆಯ ಬಲ್ಬು ಕೆಂಪಗಿತ್ತು. ಬ್ಯಾಟರಿಗೆ ತಂತಿ ಸಿಕ್ಕಿಸಿ ಹಾಡು ಹಾಕಿದಾಗ ಚೆಲುವಯ್ಯ ಪೆಟ್ಟಿಗೆಯ ಹಿಂದಕ್ಕೆ ಹೋಗಿ ಬಗ್ಗಿ ನೋಡಿದ.

"ಎಷ್ಟ್ ವ್ಯಾಟಪ್ಪ ಇದು?"

"ಈಗ ಓಡ್ತಿರೋದು ಮೂರು, ಯಜಮಾನ್ರೇ."

"ಮೂರಾ? ನಮ್ ತಮ್ಮನ್ ಮನೇಲಿ ಐನೂರು ಐತೆ, ಹಿಂಗ್ ಕೇಳ್ಸಲ್ವಲ್ಲೋ!"

ಗೋಡೆಯಾಚೆ ಹುಳದ ಮನೆಯಲ್ಲಿ ಸೊಪ್ಪು ಹಾಕುತ್ತಿದ್ದ ಬೋರಮ್ಮ ಹಾಡಿನ ಜೊತೆ ಸಣ್ಣಗೆ ಗುನುಗತೊಡಗಿದಳು. ಅಮ್ಮ ಹಾಡಿದ್ದನ್ನು ನವ್ಯ ಹುಟ್ಟಿದ ಮೇಲೆ ಕೇಳಿರಲಿಲ್ಲ. ಖುಷಿ ತಡೆಯಲಾರದೆ ನಡುವಿನ ಕಿಟಕಿ ತೆರೆದು, ಸ್ಪೀಕರುಗಳನ್ನು ಅದರ ಕಡೆಗೇ ತಿರುಗಿಸಿದಳು. ಹೊಸ ಮರದ ವಾಸನೆ, ಆ ಘಾಟು ಎಣ್ಣೆಯ ವಾಸನೆ ಕೋಣೆಯಲ್ಲೆಲ್ಲ ಇತ್ತು. ಅದು ಅವಳಿಗೆ ವಾಸನೆ ಅನಿಸಲೇ ಇಲ್ಲ. ಮನೋಹರ್ ಮನೆಗೆ ಬಂದಿದ್ದಾನೆ ಅನಿಸಿತು.

ಹೊರಡುವಾಗ ಅವನು ಚಪ್ಪಲಿ ಮೆಟ್ಟುತ್ತಾ ನೆಲ ನೋಡಿಕೊಂಡೇ ಹೇಳಿದ. "ಮುಂದಿನ ವಾರ ನಮ್ಮಮ್ಮನ್ನ ಕರ್ಕೊಂಡು ಬರ‍್ತೀನಿ."

"ಸ್ಪೀಕರ್ ನೋಡೋಕಾ?"

"ಅಲ್ಲ," ಅಂದ. ಕಿವಿ ಮತ್ತೆ ಕೆಂಪಾಗಿತ್ತು. ಆ ರಾತ್ರಿ ಕಿಟಕಿ ಮುಚ್ಚುವುದು ಅವಳಿಗೆ ನೆನಪಾಗಲಿಲ್ಲ.

ಬೆಳಗ್ಗೆ ಹಾಕಿದ ಸೊಪ್ಪು ಮಧ್ಯಾಹ್ನವಾದರೂ ಹಾಗೇ ಇತ್ತು. ಹುಳಗಳು ತಲೆ ಎತ್ತಿ ಅತ್ತಿತ್ತ ಆಡಿಸುತ್ತಿದ್ದವು. ಹಸಿರು ನೀರು ಕಕ್ಕಿ, ಮೈ ಕುಗ್ಗಿಸಿಕೊಂಡು, ತಟ್ಟೆಯ ಅಂಚಿನಿಂದ ಕೆಳಗೆ ಬೀಳುತ್ತಿದ್ದವು. ಸೊಪ್ಪು ತಿನ್ನುವ ಸರಸರ ಸದ್ದು ನಿಂತುಹೋಗಿತ್ತು. ಬೋರಮ್ಮ ಒಂದು ತಟ್ಟೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತವಳು ಏಳಲೇ ಇಲ್ಲ.

"ಇದು ಔಷ್ದಿ," ಅಂದ ಚೆಲುವಯ್ಯ. "ಜಯ್‌ಕುಮಾರ ಹುರುಳೀಕಾಯಿಗೆ ಹೊಡ್ದವ್ನೆ. ಗಾಳೀಲಿ ನಮ್ ಸೊಪ್ಪಿಗೆ ಬಂದೈತೆ." ಜಯಕುಮಾರ್ ಪಕ್ಕದ ಹೊಲದವನು, ಕಷ್ಟಸುಖಕ್ಕೆ ಮೊದಲು ಬರುವವನು. ಅವನ ಮನೆ ಕಡೆಗೆ ಚೆಲುವಯ್ಯ ಬಿರುಗಾಳಿಯ ಹಾಗೆ ಹೋದ.

ನವ್ಯ ನಡುಮನೆಗೆ ಬಂದಳು. ಸ್ಪೀಕರಿನ ಹಿಂಬದಿಗೆ ಮೂಗಿಟ್ಟಳು. ಈಗ, ಮೊದಲ ಬಾರಿಗೆ, ಆ ಘಾಟು ವಿಷದ್ದು ಅನ್ನಿಸಿತು. ಎರಡನ್ನೂ ಎಳೆದುಕೊಂಡು ಹೋಗಿ ಕೊಟ್ಟಿಗೆಗೆ ಹಾಕಿ ಫೋನ್ ಮಾಡಿದಳು.

"ಮನೋಹರ್, ಮರಕ್ಕೆ ಏನು ಹಚ್ಚಿದ್ದೀರಿ?"

"ಪಾಲಿಷ್. ಆಮೇಲೆ ಗೆದ್ದಲು ಔಷಧಿ. ನಿಮ್ಮದು ಮಣ್ಣಿನ ಗೋಡೆ ಮನೆ ಅಂದಿದ್ರಲ್ಲ, ಗೆದ್ದಲು ತಿನ್ನಬಾರ್ದು ಅಂತ ಇದ್ರೀಸ್ ಹತ್ರ ಇನ್ನೊಂದು ಸಲ ಜಾಸ್ತೀನೇ ಹಚ್ಚಿಸಿದೆ. ಯಾಕೆ?"

ಅವಳು ಹೇಳಿದಳು.

"ನಾನು ಬರೋತನಕ ಯಾರಿಗೂ ಏನೂ ಹೇಳ್ಬೇಡಿ," ಅಂದು ಫೋನ್ ಇಟ್ಟ.

ಮುಚ್ಚಿಡೋಣ ಅಂತಲಾ ಇದರ ಅರ್ಥ? ಅವಳಿಗೆ ಹೆದರಿಕೆಯಾಯಿತು. ಅದಕ್ಕಿಂತ ಹೆದರಿಕೆಯಾದದ್ದು, ಮುಚ್ಚಿಟ್ಟರೆ ಮುಂದಿನ ವಾರ ಅವನ ಅಮ್ಮ ಬರುತ್ತಾರೆ, ಎಲ್ಲ ಸರಿಹೋಗುತ್ತದೆ ಅಂತ ತನ್ನದೇ ಮನಸ್ಸು ಆಸೆಪಟ್ಟಿದ್ದಕ್ಕೆ. ಹೇಳಿದರೆ ಅವನು ಈ ಹೊಸಲು ಇನ್ನೊಮ್ಮೆ ತುಳಿಯುವಂತಿಲ್ಲ. ಹೊರಗೆ ಅಂಗಳದಲ್ಲಿ, ಅಪ್ಪ ಕರೆತಂದಿದ್ದ ಜಯಕುಮಾರನ ದನಿ ಕೇಳುತ್ತಿತ್ತು. "ಮಾದಪ್ಪನಾಣೆ ಹೊಡ್ದಿಲ್ಲ ಕಣಣ್ಣ. ನಿನ್ ಹುಳ ಜ್ವರ ಎದ್ದೈತೆ ಅಂತ ಗೊತ್ತಿದ್ದೂ ಹೊಡ್ದೇನಾ?" ಅಪ್ಪ ಕೇಳಲಿಲ್ಲ. ಸಂಜೆಯ ಹೊತ್ತಿಗೆ ಜನ ಸೇರಿದರು. ಪೊಲೀಸ್ ಕಂಪ್ಲೇಂಟ್ ಅನ್ನುವ ಮಾತೂ ಬಂತು. ಜಯಕುಮಾರನ ಕಣ್ಣಲ್ಲಿ ನೀರು ಕಂಡಾಗ ನವ್ಯಳಿಗೆ ತಡೆಯಲಾಗಲಿಲ್ಲ. ಹೊಸಲು ದಾಟಿ ಬಾಯಿ ತೆರೆದಳು.

ಅಷ್ಟರಲ್ಲಿ ಬೈಕು ಬಂದು ನಿಂತಿತು. ಮನೋಹರ್ ಇಳಿದವನೇ ಸೀದಾ ಚೆಲುವಯ್ಯನ ಮುಂದೆ ಹೋದ.

"ಅವರನ್ನ ಬಿಡಿ ಯಜಮಾನ್ರೇ. ನಿಮ್ಮ ಹುಳ ಕೊಂದಿದ್ದು ನಾನು." ಗೆದ್ದಲು ಔಷಧಿಯ ಕಥೆಯನ್ನೆಲ್ಲ ಹೇಳಿದ. ಏನನ್ನೂ ಸಣ್ಣದು ಮಾಡಲಿಲ್ಲ. "ಮುಂದಿನ ವಾರ ನಮ್ಮಮ್ಮನ್ನ ಕರ್ಕೊಂಡು ಬಂದು ಹೆಣ್ಣು ಕೇಳ್ಬೇಕು ಅಂತಿದ್ದೆ. ಆ ಮುಖ ಈಗ ನಂಗಿಲ್ಲ. ಏನ್ ಶಿಕ್ಷೆ ಕೊಡ್ತೀರೋ ಕೊಡಿ."

ಚೆಲುವಯ್ಯನ ಕೈ ಮೇಲಕ್ಕೆ ಹೋಯಿತು. ಜಯಕುಮಾರನೇ ಅದನ್ನು ಹಿಡಿದುಕೊಂಡ.

ಬೋರಮ್ಮ ಹುಳದ ಮನೆಯಿಂದ ಹೊರಗೆ ಬಂದಳು. ಮನೋಹರನ ಕಡೆ ನೋಡಲೇ ಇಲ್ಲ. ಮಗಳ ಮುಂದೆ ನಿಂತಳು.

"ಅವ್ನಿಗ್ ಗೊತ್ತಿಲ್ಲ, ಪೇಟೆಯವ್ನು. ನಾನ್ ಮುಲಾಮು ಹಚ್ಕಂಡ್ರೆ ಬಾಗ್ಲಲ್ಲೇ ತಡೆಯೋಳು ನೀನು. ನಿಂಗೆ ವಾಸ್ನೆ ಬರ‍್ನಿಲ್ವೇನವ್ವ?"

ಊರಿನ ಅರ್ಧ ಜನ ಅಂಗಳದಲ್ಲಿದ್ದರು. ಬರಲಿಲ್ಲ ಅಂದಿದ್ದರೆ ಮುಗಿದುಹೋಗುತ್ತಿತ್ತು.

"ಬಂತು ಕಣವ್ವ," ಅಂದಳು ನವ್ಯ. "ಇವರ ಅಂಗಡಿಗೆ ಹೋದಾಗೆಲ್ಲ ಬತ್ತಿತ್ತು. ಇವರ ಮೈವಾಸ್ನೆ ಅಂತಲೇ ಅನ್ಕಂಡಿದ್ದೆ. ನಂಗೆ ಇಷ್ಟ ಆಗಿತ್ತು. ಇವರು ಹೋದ್ ಮೇಲೂ ಒಸಿ ಹೊತ್ತು ಇರ‍್ಲಿ ಅಂತ ಅನ್ನಿಸ್ತು. ಅದು ಹುಳಕ್ಕೆ ಆಗಲ್ಲ ಅಂತ ಹೊಳೀಲೇ ಇಲ್ಲ. ಕಿಟಕಿ ತೆಗ್ದಿದ್ದೂ ನಾನೇ. ನೀನು ಬೇಡ ಅಂದಿದ್ರೂ ಇವರನ್ನ ಕರೆಸಿದ್ದು ನಾನೇ."

ಬೈಸಿಕೊಳ್ಳಲು ಬಂದಿದ್ದ ಮನೋಹರ್ ಈ ಮಾತಿಗೆ ಸಿದ್ಧನಾಗಿ ಬಂದಿರಲಿಲ್ಲ. ಅವನು ಅವಳನ್ನು ನೋಡಿದ. ಹಾಗೆ ನೋಡಲು ತನಗೆ ಈಗ ಹಕ್ಕಿಲ್ಲ ಅನ್ನುವುದು ನೆನಪಾಗಿ ಕಣ್ಣು ತಗ್ಗಿಸಿದ.

ಬೋರಮ್ಮ ಇಬ್ಬರನ್ನೂ ಒಂದೊಂದು ಸಲ ನೋಡಿದಳು.

"ಮುಂದಿನ್ ವಾರ ನಿಮ್ಮವ್ವನ್ನ ಕರ‍್ಕಂಡ್ ಬರ‍್ಬ್ಯಾಡ ಕಣಪ್ಪ," ಅಂದಳು. ಬೋರಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಸೂತಕದ ಮನೆಗೆ ಬೀಗರನ್ನ ಕರೀಬಾರ‍್ದು. ಹುಳ ಮಣ್ ಮಾಡಿ, ಮನೆ ತೊಳ್ದು, ಸುಣ್ಣ ಬಳ್ದು, ಹೊಸ ಹುಳದ್ ಮರಿ ತಂದು ಕೂರ‍್ಸಾನ. ಆಮೇಕೆ ಬನ್ನಿ."

ಚೆಲುವಯ್ಯ ಹುಳದ ಮನೆಗೆ ಹೋಗಿ ತಟ್ಟೆಗಳನ್ನು ಕೆಳಗಿಳಿಸತೊಡಗಿದ. ಜಯಕುಮಾರ್ ತನ್ನ ಮನೆಯಿಂದ ಗುದ್ದಲಿ ತಂದ. ಮನೋಹರ್ ಅದನ್ನು ಅವನ ಕೈಯಿಂದ ಇಸಿದುಕೊಂಡು ಹಿತ್ತಲಿಗೆ ಹೋಗಿ ಅಗೆಯತೊಡಗಿದ. ನವ್ಯ ಮೊದಲನೇ ತಟ್ಟೆ ಹೊತ್ತು ತಂದು ಗುಂಡಿಯ ಪಕ್ಕ ಕೂತಳು. ಹುಳಗಳನ್ನು ಸುರಿದುಬಿಡಲು ಕೈ ಬರಲಿಲ್ಲ, ಹಿಡಿಹಿಡಿಯಾಗಿ ಎತ್ತಿ ಇಳಿಸತೊಡಗಿದಳು. ಅವನೂ ಗುದ್ದಲಿ ಬಿಟ್ಟು ಎದುರಿಗೆ ಕೂತ. ಇಬ್ಬರೂ ಒಂದು ಮಾತೂ ಆಡದೆ, ಅಳುತ್ತಾ, ಆ ತಟ್ಟೆಯನ್ನು ಖಾಲಿ ಮಾಡಿದರು.