ಗುರೂಜಿಯ ನದಿ

“ನಾ ಹೆಬ್ಬಟ್ಟ ಒತ್ತಂಗಿಲ್ಲ ಅಂದ್ರ ಒತ್ತಂಗಿಲ್ಲ! ಈ ಮನಿಯಾಗ ದಾನೇಶ್ವರಿ ಅನ್ನಾಕಿ ಯಾರೂ ಇಲ್ಲ!”

ಪ್ರಯಾಗಬಾಯಿ ಕಾಗದವನ್ನು ತಳ್ಳಿದ ರಭಸಕ್ಕೆ ಮಸಿಯ ಡಬ್ಬಿ ಉರುಳಿ, ಎದುರಿಗೆ ಕೂತಿದ್ದ ಸೊಸೆಯ ಸೆರಗಿಗೆ ನೀಲಿ ಹತ್ತಿತು. ಸೊಸೆ ಸೆರಗು ನೋಡಿಕೊಳ್ಳಲಿಲ್ಲ, ಅತ್ತೆಯ ಮುಖವನ್ನೇ ನೋಡುತ್ತ ಕೂತಳು. ವಕೀಲ ಗುರುಶಾಂತ ಸುಮ್ಮನೆ ಕೆಮ್ಮಿದರು. ಮಗ ವೈಜನಾಥ ಗುರೂಜಿ, ಮೂವತ್ಮೂರು ವರ್ಷ ಮಕ್ಕಳಿಗೆ ಭೂಗೋಳ ಕಲಿಸಿ ನಿವೃತ್ತರಾದ ಮನುಷ್ಯ, ಗೋಡೆಯ ಕಡೆ ಮುಖ ತಿರುಗಿಸಿಕೊಂಡರು. ಎಂಬತ್ತು ವರ್ಷದ ಮುದುಕಿಯೊಬ್ಬಳು ಹೆಬ್ಬೆಟ್ಟು ಒತ್ತದ ಕಾರಣಕ್ಕೆ ಯುರೋಪ್ ಪ್ರವಾಸ ನಿಂತುಹೋಗುತ್ತದೆ ಎಂದರೆ ಕೇಳಿದವರು ನಕ್ಕಾರು. ಉಮರ್ಗಾದ ಆ ಮನೆಯಲ್ಲಿ ಅವತ್ತು ಯಾರಿಗೂ ನಗು ಬರಲಿಲ್ಲ.

ಊರಿಗೆಲ್ಲ ಆ ಸೊಸೆ ಮೀರಾಬಾಯಿ. ಆದರೆ ಭಾಲ್ಕಿ ಕಡೆಯ ತವರಿನಲ್ಲಿ ಹೆತ್ತವರು ಇಟ್ಟ ಹೆಸರು ದಾನೇಶ್ವರಿ. ಮೂವತ್ತಾರು ವರ್ಷದ ಹಿಂದೆ, ಲಗ್ನದ ದಿನ, ತಾಟಿನಲ್ಲಿ ಹರಡಿದ ಅಕ್ಕಿಯ ಮೇಲೆ ಮದುಮಗ ಉಂಗುರದಿಂದ ‘ಮೀರಾ’ ಎಂದು ಬರೆದಿದ್ದರು. ಹಾಗೆ ಬರೆ ಎಂದು ಕಿವಿಯಲ್ಲಿ ಹೇಳಿದವಳು ಅವರ ತಾಯಿ. ಆ ಕಡೆಯ ಪದ್ಧತಿಯೇ ಅದು. ಸೊಸೆ ಹೊಸ್ತಿಲು ದಾಟಿದಳೆಂದರೆ ತವರಿನ ಹೆಸರು ಹೊಸ್ತಿಲ ಆಚೆಗೇ ಉಳಿಯಬೇಕು! ರೇಷನ್ ಕಾರ್ಡು, ಆಧಾರ ಕಾರ್ಡು ಎಲ್ಲದರಲ್ಲೂ ಮೀರಾ ಬಂದು ಕೂತಳು. ದಾನೇಶ್ವರಿ ಏಳನೆಯ ತರಗತಿಯ ಸರ್ಟಿಫಿಕೇಟಿನಲ್ಲಿ ಮಾತ್ರ ಉಳಿದಳು. ಇದರಿಂದ ಯಾರಿಗೂ ಏನೂ ತೊಂದರೆಯಾಗಿರಲಿಲ್ಲ, ಪಾಸ್‌ಪೋರ್ಟಿಗೆ ಅರ್ಜಿ ಹಾಕುವ ತನಕ.

ಇಬ್ಬರೂ ಒಬ್ಬಳೇ ಎಂದು ತೋರಿಸಬೇಕಾಗಿತ್ತು. ಲಗ್ನ ನೋಂದಣಿಯಾಗಿರಲಿಲ್ಲ. ಲಗ್ನದಲ್ಲಿ ನಿಂತಿದ್ದ ಹಿರಿಯರೊಬ್ಬರ ಸಾಕ್ಷಿ ಬೇಕೆಂದರು ವಕೀಲರು. ಮುಂದೆ ನಿಂತು ಲಗ್ನ ಮಾಡಿಸಿದ್ದ ಸಾಸ್ತೂರಿನ ಕಾಕಾ, ಕಾಕಿ ಇಬ್ಬರೂ ತೊಂಬತ್ಮೂರರ ಭೂಕಂಪದಲ್ಲಿ ಹೋಗಿದ್ದರು. ಗುರೂಜಿಯ ತಂಗಿ ಪ್ರೇಮಾಬಾಯಿ ಲಗ್ನದ ಹೊತ್ತಿಗೆ ಏಳು ವರ್ಷದ ಕೂಸು. ಉಳಿದವಳು ಪ್ರಯಾಗಬಾಯಿ ಒಬ್ಬಳೇ.

“ಅತ್ತಿ, ಬರೇ ಒಂದ ಹೆಬ್ಬಟ್ಟರೀ...” ಎಂದಳು ಸೊಸೆ.

“ಹೆಸರ ಇಟ್ಟಾಕಿ ನಾ. ಈಗ ಅದು ಖೋಟಾ ಹೆಸರಂತ ನನ್ನ ಕೈಲೇ ಬರಸ್ಕೋತಿ ಏನು?”

ಗುರೂಜಿ ಒಂದು ಮಾತು ಗಟ್ಟಿಯಾಗಿ ಆಡಿದ್ದರೆ ಸಾಕಿತ್ತು. ಆಡಲಿಲ್ಲ. ಹತ್ತು ದೇಶಗಳ ಗಡಿಯನ್ನು ಕರಿಹಲಗೆಯ ಮೇಲೆ ಕಣ್ಣು ಮುಚ್ಚಿ ಬರೆಯಬಲ್ಲ ಗಂಡಸಿಗೆ ಸ್ವಂತ ತಾಯಿಯ ಮುಂದೆ ಬಾಯಿ ತೆರೆಯಲು ಬರುತ್ತಿರಲಿಲ್ಲ. ಇಂಥ ಒಳ್ಳೆಯ ಮಕ್ಕಳನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ.

ಪ್ರವಾಸದ ಯೋಜನೆ ಒಂದೆರಡು ದಿನದ್ದಲ್ಲ, ಒಂಬತ್ತು ವರ್ಷದ್ದು. ಗುರೂಜಿಗೆ ಡ್ಯಾನ್ಯೂಬ್ ನದಿಯ ಹುಚ್ಚು. ಕಲಿಸಿ ಕಲಿಸಿ ಹತ್ತಿದ ಹುಚ್ಚು ಅದು. ಮೀರಾಬಾಯಿ ಹೆದ್ದಾರಿಯ ಢಾಬಾಗಳಿಗೆ ಕಡಕ ರೊಟ್ಟಿ ಮಾಡಿ ಕೊಡುತ್ತಿದ್ದಳು. ಆ ರೊಟ್ಟಿಯ ರೊಕ್ಕ, ಪೆನ್ಶನ್ನಿನಲ್ಲಿ ಉಳಿದದ್ದು, ಎರಡೂ ಕೂಡಿದವು. ಉದಗೀರದ ನಿವೃತ್ತ ಮುಖ್ಯಾಧ್ಯಾಪಕಿ ಲಲಿತಾಬಾಯಿ, ಏಜೆಂಟರನ್ನು ನಂಬದೆ ತಾವೇ ಶಿಕ್ಷಕರ ಗುಂಪು ಕಟ್ಟಿಕೊಂಡು ಹೊರಡುವ ಗಟ್ಟಿಗಿತ್ತಿ, ಕಡಿಮೆ ಖರ್ಚಿನ ದಾರಿ ಹೇಳಿಕೊಟ್ಟರು. ಪ್ಯಾರಿಸ್ ಇಲ್ಲ, ಸ್ವಿಟ್ಜರ್ಲೆಂಡ್ ಇಲ್ಲ. ಬುಡಾಪೆಸ್ಟ್, ಬ್ರಾಟಿಸ್ಲಾವಾ, ವಿಯೆನ್ನಾ, ಒಂದೇ ನದಿಯ ಮೇಲಿನ ಮೂರು ಊರು, ಒಂಬತ್ತು ದಿನ. ಉಮರ್ಗಾದಿಂದ ಬಸ್ಸಿನಲ್ಲಿ ಹೈದರಾಬಾದ್, ಅಲ್ಲಿಂದ ವಿಮಾನ. ಒಂದು ಕೋಣೆಗೆ ಆರು ಜನ, ಅಡುಗೆಮನೆ ಇರುವ ವಸತಿಗೃಹ, ಚೀಲದ ತುಂಬ ರೊಟ್ಟಿ ಮತ್ತು ಶೇಂಗಾ ಹಿಂಡಿ. “ಸ್ವಿಟ್ಜರ್ಲೆಂಡ್ ಇಲ್ಲದ ಯುರೋಪ್ ಎಂಥಾದ್ರೀ?” ಎಂದು ಓಣಿಯವರು ಚೇಷ್ಟೆ ಮಾಡಿದರು. ಮಾಡಲಿ ಬಿಡಿ, ಓಣಿಯವರು ಟಿಕೀಟು ತೆಗೆಸುವುದಿಲ್ಲವಲ್ಲ!

ಗುಂಪು ಹೊರಡುವ ಏಪ್ರಿಲ್ ಬಂತು. ಗುರೂಜಿಯ ಪಾಸ್‌ಪೋರ್ಟು ಬಂದಿತ್ತು, ಹೆಂಡತಿಯದು ಬರಲಿಲ್ಲ. ನಿಲಂಗಾದಿಂದ ಮಗಳು ಶಾಂಭವಿ ಫೋನಿನಲ್ಲಿ ಅತ್ತು ಕರೆದು ಹೇಳಿದಳು.

“ಅಪ್ಪಾ, ನೀವರೆ ಹೋಗಿ ಬರ್ರಿ. ಅವ್ವಗ ನಾ ತಿಳಿಸಿ ಹೇಳ್ತೀನಿ.”

“ರೊಟ್ಟಿ ಬಡದು ಬಡದು ಅಂಗೈ ಸುಟ್ಟಕೊಂಡಾಕಿ ಆಕಿ. ಆಕಿನ್ನ ಬಿಟ್ಟು ನಾ ಒಬ್ಬನೇ ಹೋಗಿ ನದಿ ನೋಡ್ಲೇನವ್ವ? ನನ್ನ ಕೈಲಿಂದ ಆಗಂಗಿಲ್ಲ.”

ಗುಂಪು ಹೋಯಿತು. ಲಲಿತಾಬಾಯಿ ಅಲ್ಲಿಂದ ನದಿಯ ಫೋಟೋ ಕಳಿಸಿದರು. ಗುರೂಜಿ ಅದನ್ನು ಬಹಳ ಹೊತ್ತು ನೋಡಿ, ಕಣ್ಣುಜ್ಜಿಕೊಂಡು, ಫೋನನ್ನು ಕಿಟಕಿಯಲ್ಲಿಟ್ಟು ಹೊರಗೆ ಹೋದರು. ಪ್ರಯಾಗಬಾಯಿ ಇದನ್ನೆಲ್ಲ ಮೂಲೆಯಿಂದ ನೋಡಿದಳು. ಮನೆಯಲ್ಲಿ ಅವಳಿಗೆ ಯಾರೂ ಒಂದು ಬಿರುನುಡಿ ಆಡಲಿಲ್ಲ. ಊಟ ಹೊತ್ತಿಗೆ ಸರಿಯಾಗಿ ಬರುತ್ತಿತ್ತು, ನೀರು ಕಾಯುತ್ತಿತ್ತು, ಆದರೆ ಅವಳ ಜೊತೆ ಕೂತು ಹರಟುವವರು ಇರಲಿಲ್ಲ. ಮೇ ತಿಂಗಳ ಕೊನೆಗೆ ಒಂದು ಬೆಳಿಗ್ಗೆ ಕೋಲೂರಿಕೊಂಡು ಪಡಸಾಲೆಗೆ ಬಂದು, “ಎಲ್ಯದ ಆ ಕಾಗದ? ತಾ ಇಲ್ಲಿ” ಎಂದಳು. ಹೆಬ್ಬೆಟ್ಟು ಒತ್ತಿ, ಯಾರ ಮುಖವನ್ನೂ ನೋಡದೆ ಒಳಗೆ ಹೋದಳು.

ಜುಲೈಯಲ್ಲಿ ಪಾಸ್‌ಪೋರ್ಟು, ಆಗಸ್ಟ್‌ನಲ್ಲಿ ವೀಸಾ. ಸೆಪ್ಟೆಂಬರ್ ಹದಿನೆಂಟಕ್ಕೆ ಲಲಿತಾಬಾಯಿಯ ಎರಡನೆಯ ಗುಂಪು. ತೀರಾ ಅಗ್ಗದ ಟಿಕೀಟು, ದಿನ ಬದಲಾಯಿಸುವಂತಿಲ್ಲ, ರೊಕ್ಕ ತಿರುಗಿ ಬರುವಂತಿಲ್ಲ. ಗಂಡ ಹೆಂಡತಿ ಮಕ್ಕಳ ಹಾಗೆ ದಿನ ಎಣಿಸಿದರು.

ಹೊರಡಲು ಎಂಟು ದಿನ ಉಳಿದಿರುವಾಗ ಗುರೂಜಿಯ ಬಲಗಣ್ಣಿನ ಮೂಲೆಯಲ್ಲಿ ಕರಿ ಪರದೆಯೊಂದು ಇಳಿಯತೊಡಗಿತು. ಹೇಳಿದರೆ ಪ್ರವಾಸ ನಿಂತೀತೆಂದು ಆ ಪುಣ್ಯಾತ್ಮ ಎರಡು ದಿನ ಮುಚ್ಚಿಟ್ಟರು! ಮೂರನೆಯ ದಿನ ಚಹಾವನ್ನು ಬಶಿಯ ಹೊರಗೆ ಸುರಿದಾಗ ಹೆಂಡತಿಗೆ ತಿಳಿಯಿತು. ಸೊಲ್ಲಾಪುರಕ್ಕೆ ಓಡಿದರು. ಕಣ್ಣಿನ ಹಿಂದಿನ ಪೊರೆ, ರೆಟಿನಾ, ಬಿಟ್ಟುಕೊಂಡಿದೆ ಎಂದು ಅವತ್ತೇ ಆಪರೇಶನ್ ಆಯಿತು. ಪೊರೆ ಕೂತಿರಲಿ ಎಂದು ಕಣ್ಣೊಳಗೆ ಗಾಳಿಯ ಗುಳ್ಳೆ ತುಂಬಿದರು. ಹದಿನೈದು ದಿನ ಮುಖ ಕೆಳಗೆ ಮಾಡಿಯೇ ಮಲಗಬೇಕು, ಗುಳ್ಳೆ ಕರಗುವ ತನಕ ವಿಮಾನ ಹತ್ತಿದರೆ ಕಣ್ಣೇ ಹೋದೀತು ಎಂದರು ಡಾಕ್ಟರು. ಎಡಗಣ್ಣಿನ ಪೊರೆಯೂ ಗಟ್ಟಿಯಿಲ್ಲ, ಜೋಪಾನ ಎಂದೂ ಹೇಳಿದರು.

ಮನೆಗೆ ಬಂದ ಗುರೂಜಿ ಮಂಚದ ಮೇಲೆ ಬೋರಲಾಗಿ ಮಲಗಿದರು. ತಲೆ ಮಂಚದ ಅಂಚಿನಿಂದ ಹೊರಗೆ, ಹಣೆಗೆ ಮಡಿಸಿದ ದಿಂಬಿನ ಆಧಾರ. ಅವರಿಗೆ ಕಾಣುತ್ತಿದ್ದುದು ನೆಲದ ಎರಡು ಶಹಾಬಾದ ಫರಸಿ ಕಲ್ಲು ಮಾತ್ರ. ಮೀರಾಬಾಯಿ ಮಾತಿಲ್ಲದೆ ರೊಟ್ಟಿಯ ಗಂಟು ಬಿಚ್ಚಿ ಡಬ್ಬಿಗೆ ಹಾಕಿದಳು. ಸ್ವೆಟರು ಟ್ರಂಕಿಗೆ ಹೋಯಿತು.

ದಾಳಿಂಬ ಎಂಬ ಊರಿನಿಂದ ಪ್ರೇಮಾಬಾಯಿ ಅಣ್ಣನನ್ನು ನೋಡಲು ಬಂದಳು. ಆಟೋ ಇಳಿಯುವಾಗಲೇ ಅಳು ಶುರು. ಅತ್ತು ಮುಗಿದ ಮೇಲೆ, ಚಹಾ ಕುಡಿಯುತ್ತ, ತಾಯಿಯ ಮುಂದೆ ಹೇಳಿದಳು.

“ಗಂಡ ಹಿಂಗ ಬಿದ್ದಾಗ ಹೆಂಗಸಿಗಿ ಎಲ್ಲೀ ಯುರೋಪವ್ವಾ! ಹೆಂಗೂ ಹೋಗೋ ಹೌಸ ಇದ್ದದ್ದು ಅಣ್ಣಗ. ವೈನಿ ಸಾಮಾನ ಹೊರಾಕ ಹೊಂಟಿದ್ದಳು. ಆಕಿಗಿ ಅದ್ರಾಗೇನ ತಿಳೀತದ?”

ಮಂಚದಿಂದ ಗುರೂಜಿಯ ದನಿ ನೆಲಕ್ಕೆ ಮಾತಾಡಿದಂತೆ ಬಂತು. “ಖರೇ ಅದ. ಹೌಸ ನಂದೇ ಇತ್ತು. ನನ್ನ ನಸೀಬದಾಗ ಇಲ್ಲ. ಟಿಕೀಟಿನ ರೊಕ್ಕ ಹೋಯ್ತು ಅಂದ್ಕೊಂಡ್ರಾಯ್ತು ಬಿಡು ಮೀರಾ...”

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಮೀರಾಬಾಯಿಯ ಕೈಯಿಂದ ತಾಟು ಜಾರಿ ಬಿತ್ತು. ಮೂವತ್ತಾರು ವರ್ಷ ಆ ಮನೆಯಲ್ಲಿ ಯಾರೂ ಕೇಳದ ದನಿ ಅವತ್ತು ಕೇಳಿತು.

“ನಿಮ್ಮೊಬ್ಬರದೇ ಏನ್ರೀ? ನದಿ ನಿಮ್ಮೊಬ್ಬರದೇ ಏನು?”

ಎಲ್ಲರೂ ಬೆಚ್ಚಿದರು.

“ಮಾಕಣಿ ಊರ ಸಾಲಿಯಾಗ ನಮಗ ಒಂದೇ ಖೋಲಿ ಕೊಟ್ಟಿದ್ರು, ನೆನಪದ ಏನು? ಗೋಡಿ ಆಕಡಿ ನಿಮ್ಮ ವರ್ಗ, ಈಕಡಿ ನನ್ನ ಒಲಿ. ನೀವು ಹುಡುಗರಿಗಿ ಪಾಠ ಹೇಳತಿದ್ರಿ. ಬಡಿಯೋ ಸಪ್ಪಳಕ್ಕ ನಿಮ್ಮ ಮಾತು ತಪ್ಪತದಂತ ನಾ ರೊಟ್ಟಿ ಮೆಲ್ಲಕ ತಟ್ಟತಿದ್ದೆ! ಹುಟ್ಟೋದು ಕಪ್ಪು ಅರಣ್ಯದಾಗ, ಕೂಡೋದು ಕಪ್ಪು ಸಮುದ್ರಕ್ಕ, ಹತ್ತು ದೇಶ ದಾಟತದ... ನಿಮ್ಮ ಹುಡುಗರು ಮರತಿರಬೇಕು, ನಾ ಮರತಿಲ್ಲ. ನನ್ನ ಸಾಲಿ ಏಳನೇದಕ್ಕ ಬಿಡಿಸಿದ್ರು. ನಂಗೂ ನೋಡಬೇಕಾಗ್ಯಾದರೀ... ನನ್ನ ಕಣ್ಣಲೇ ನೋಡಬೇಕಾಗ್ಯಾದ!”

ಹೇಳಿದ್ದೇ ತಡ, ತಾನೇ ಹೆದರಿದಳು. ಗಂಡ ಹಾಗೆ ಬಿದ್ದಿರುವಾಗ ಇಂಥ ಮಾತು ಬಾಯಿಂದ ಬಂತಲ್ಲ ಎಂದು ಸೆರಗು ಬಾಯಿಗೆ ಒತ್ತಿಕೊಂಡು ಕುಸಿದು ಕೂತಳು.

ಗುರೂಜಿ ಕೇಳಿದರು. “ಇಷ್ಟ ವರ್ಷ... ನೀ ಯಾಕ ಹೇಳಲಿಲ್ಲ?”

“ನೀವು ಯಾಕ ಕೇಳಲಿಲ್ಲ?”

ಪ್ರೇಮಾಬಾಯಿ ಇಷ್ಟಕ್ಕೆ ಬಿಡಲಿಲ್ಲ. “ಕೇಳ್ದೆನವ್ವಾ ಇಕಿ ಮಾತು! ಗಂಡನ ಕಣ್ಣ ಹೋಗಲಿ, ಇಕಿಗಿ ತಿರಗಾಡೋ ಚಿಂತಿ...”

“ಸುಮ್ಮ ಕೂಡು ಪ್ರೇಮಾ!” ಪ್ರಯಾಗಬಾಯಿಯ ಕೋಲು ನೆಲಕ್ಕೆ ಬಡಿಯಿತು. “ಆಕಿಗೇನ ಅಂತಿ? ಜನವರಿದಾಗ ನಾ ಒಂದ ಹೆಬ್ಬಟ್ಟ ಕೊಟ್ಟಿದ್ರ, ಏಪ್ರಿಲ್‌ದಾಗ ನನ್ನ ಮಗ ಎರಡೂ ಕಣ್ಣಲೇ ನೋಡಿ ಬರತಿದ್ದ. ಅಂವನ ನದಿ ಕಸಗೊಂಡಾಕಿ ನಾ. ಆಕಿ ಅಲ್ಲ.”

ಮುದುಕಿ ಸೊಸೆಯ ಕಡೆ ತಿರುಗಿದಳು.

“ಹೆಬ್ಬಟ್ಟ ಒತ್ತಿದ್ರ ನೀ ಮತ್ತ ತವರಿನಾಕಿ ಆಗತಿ, ಕೈ ಬಿಟ್ಟು ಹೋಗತಿ ಅಂತ ಅಂಜಿಕಿ ಬಂತವ್ವ. ನನ್ನ ಹೆಸರ ನೀಲಾಂಬಿಕಾ ಇತ್ತು, ಗೊತ್ತೇನು? ಈ ಮನಿಗಿ ಬಂದ ದಿನ ಪ್ರಯಾಗ ಆದೆ. ನನಗ ಯಾರೂ ಕೇಳಲಿಲ್ಲ, ನಾ ನಿನಗ ಕೇಳಲಿಲ್ಲ... ಹೋಗು. ಅಂವನ್ನ ನಾ ನೋಡ್ಕೋತೀನಿ, ಶಾಂಭವಿ ಬರತಾಳ. ಹೋಗಿ ಬಾ, ದಾನೇಶ್ವರಿ.”

ಸೊಸೆ ಅತ್ತೆಯ ಕಾಲಿಗೆ ಬಿದ್ದು ಎಲ್ಲವನ್ನೂ ಕ್ಷಮಿಸಿದಳೆಂದು ಬರೆದರೆ ಸುಳ್ಳಾದೀತು. ಮೂವತ್ತಾರು ವರ್ಷ ಒಂದು ಮಧ್ಯಾಹ್ನದಲ್ಲಿ ಅಳಿಸಿಹೋಗುವುದಿಲ್ಲ. ಆಕೆ ಬಿದ್ದ ತಾಟು ಎತ್ತಿಕೊಂಡು ಒಳಗೆ ಹೋಗಿ, ಒಲೆಯ ಮುಂದೆ ಕೂತು ಮನಸಾರೆ ಅತ್ತಳು. ಆ ಹೆಸರಿನಿಂದ ಯಾರಾದರೂ ಕರೆದು ಎಷ್ಟು ಕಾಲವಾಗಿತ್ತು! ಕರೆಯುತ್ತಿದ್ದ ತಾಯಿ ಸತ್ತೇ ಹದಿನಾಲ್ಕು ವರ್ಷ.

ಆದರೂ ಹೋಗಲು ಮನಸ್ಸು ಏಳಲಿಲ್ಲ. ತನಗಾಗಿ ಒಬ್ಬ ಮನುಷ್ಯ ಏಪ್ರಿಲ್‌ನಲ್ಲಿ ಮನೆಯಲ್ಲೇ ಉಳಿದರು. ಈಗ ಅವರನ್ನು ಹೀಗೆ ಬಿಟ್ಟು ಹೋದರೆ ತಾನು ಎಂಥವಳು? ಮರುದಿನ ಕಣ್ಣಿಗೆ ಔಷಧ ಹಾಕುತ್ತಿರುವಾಗ ಅದನ್ನೇ ಅಂದಳು. ಗುರೂಜಿ ನಿಧಾನವಾಗಿ ಉತ್ತರಿಸಿದರು.

“ನಾ ಅವಾಗ ಉಳದದ್ದು ನನ್ನ ಖುಷಿಲಿಂದ. ಅದು ಸಾಲಂತ ತಿಳದು ನೀ ತೀರಸಾಕ ಹೋಗಬ್ಯಾಡ. ಇಬ್ಬರೂ ಮನ್ಯಾಗ ಕೂತ್ರ ಯಾರಿಗಿ ಏನ ಸಿಗತದ ಹೇಳು? ನಾ ಇನ್ನ ವಿಮಾನ ಹತ್ತೋದು ಆಗಲಿಕ್ಕಿಲ್ಲ. ಡಾಕ್ಟರ ಮಾರಿ ನೋಡಿದಾಗ್ಲೇ ನಂಗ ತಿಳೀತು. ಅತ್ತು ಮುಗಸೀನಿ ಅದಕ್ಕ. ನೀ ಹೋಗು.”

ಆಮೇಲಿನ ಎರಡು ದಿನ ಆ ಮನೆಯಲ್ಲಿ ಪಾಠ ನಡೆಯಿತು. ನಕಾಶೆಯನ್ನು ಗುರೂಜಿಯ ಮುಖದ ಕೆಳಗೆ, ಫರಸಿಯ ಮೇಲೆ ಹಾಸಿದರು. ಪಕ್ಕದಲ್ಲಿ ಕೂತ ಹೆಂಡತಿಗೆ ಅವರು ಒಂದೇ ಕಣ್ಣಿನಿಂದ ಹುಡುಕಿ ಹುಡುಕಿ ಸ್ಟೇಷನ್ನುಗಳನ್ನು ಬೆರಳಿಟ್ಟು ತೋರಿಸಿದರು. ಒಂದು ಸಲ ಆಕೆ ಅವರ ತಪ್ಪು ತಿದ್ದಿದಳು. “ಅದು ವಿಯೆನ್ನಾ ಅಲ್ರೀ, ಬ್ರಾಟಿಸ್ಲಾವಾ.” ಗುರೂಜಿ ಬಾಗಿ ನೋಡಿ, “ಹೌದು ನೋಡು” ಎಂದು ಒಪ್ಪಿಕೊಂಡರು. ಪ್ರಯಾಗಬಾಯಿ ಮೂಲೆಯಲ್ಲಿ ಕೂತು, ಡಬ್ಬಿಗೆ ಹೋಗಿದ್ದ ರೊಟ್ಟಿಗಳನ್ನು ಮತ್ತೆ ಬಟ್ಟೆಯಲ್ಲಿ ಕಟ್ಟುತ್ತಿದ್ದಳು. ಮುರಿದವನ್ನು ಬೇರೆ ಇಟ್ಟಳು, ಸೊಸೆಯೊಡನೆ ಹೆಚ್ಚು ಮಾತಾಡಲಿಲ್ಲ.

ಹೊರಡುವ ದಿನ ಶಾಂಭವಿ ಚೀಲವನ್ನು ಬಾಗಿಲಿಗೆ ತಂದಿಟ್ಟಳು. ಲಲಿತಾಬಾಯಿ ಉದಗೀರದಿಂದ ಹೈದರಾಬಾದಿಗೆ ಹೊರಟಾಗಿತ್ತು. ಹೆದ್ದಾರಿಗೆ ಹೋಗುವ ಆಟೋ ಹೊರಗೆ ನಿಂತು ಹಾರ್ನ್ ಹೊಡೆಯುತ್ತಿತ್ತು. ಮೀರಾಬಾಯಿ ಮಂಚದ ಹತ್ತಿರ ಬಂದಳು. ಗುರೂಜಿಗೆ ಆಕೆಯ ಪಾದ ಮಾತ್ರ ಕಂಡಿತು, ಹೊಸ ಬೂಟು ಹಾಕಿದ ಪಾದ.

“ಮುಖ ಮ್ಯಾಲ ಮಾಡಬ್ಯಾಡ ಅಂದಾರ. ಹ್ಯಾಂಗ ನೋಡ್ಲಿ ನಿನ್ನ?” ಎಂದರು.

ಆಕೆ ಒಂದು ಕ್ಷಣ ಹಿಂಜರಿದಳು. ಆಮೇಲೆ, ಅತ್ತೆ, ಮಗಳು ಇಬ್ಬರೂ ನೋಡುತ್ತಿರುವಂತೆಯೇ, ಇಸ್ತ್ರಿಯ ಸೀರೆ ಸುಕ್ಕಾದೀತೆಂಬ ಚಿಂತೆಯಿಲ್ಲದೆ, ಆ ತಣ್ಣನೆಯ ಫರಸಿಯ ಮೇಲೆ ಅಂಗಾತ ಮಲಗಿ, ಗಂಡನ ಮುಖದ ಕೆಳಗೆ ತನ್ನ ಮುಖ ತಂದಳು. ಪ್ರಯಾಗಬಾಯಿ ಮೆಲ್ಲನೆ ಬೇರೆ ಕಡೆ ನೋಡಿದಳು.

“ಈಗ ಕಾಣಸ್ತೀನೇನ್ರೀ?”

“ಕಾಣಸ್ತಿ.”

“ನಿಮ್ಮ ಸಲುವಾಗಿ ಎಲ್ಲಾ ನೋಡ್ಕೊಂಡು ಬಂದು ಹೇಳ್ತೀನಿ...”

“ಬ್ಯಾಡ,” ಎಂದರು ಗುರೂಜಿ. “ನನ್ನ ಸಲುವಾಗಿ ನೋಡಬ್ಯಾಡ. ನಿನ್ನ ಸಲುವಾಗಿ ನೋಡು, ದಾನೇಶ್ವರಿ.”

ಅವರ ಒಳ್ಳೆಯ ಕಣ್ಣಿನಿಂದ ಒಂದು ಹನಿ ಜಾರಿ ನೇರ ಆಕೆಯ ಹಣೆಯ ವಿಭೂತಿಯ ಮೇಲೆ ಬಿತ್ತು. ಆಟೋದವನು ಮತ್ತೆ ಹಾರ್ನ್ ಹೊಡೆದ. ಆಕೆ ಎದ್ದಳು, ಚೀಲ ಎತ್ತಿಕೊಂಡಳು, ತಿರುಗಿ ನೋಡದೆ ಹೊಸ್ತಿಲು ದಾಟಿದಳು. ಹೈದರಾಬಾದಿನ ಬಸ್ಸು ಬಂದು, ಹತ್ತಿ ಕೂತು, ಉಮರ್ಗಾ ಹಿಂದೆ ಬಿದ್ದ ಮೇಲೂ ಆಕೆ ಹಣೆ ಒರೆಸಿಕೊಂಡಿರಲಿಲ್ಲ.